ಪ್ಯಾಟಿ ಮಿಲ್ಸ್ ಮ್ಯಾಚ್ ತೋರ್ಸಿ ಮಕ್ಕಳಿಗೆ ಗಾರ್ಡ್ ಆಟ ಕಲ್ಸೋದು ಹೇಗೆ

ನನ್ ಮಗ ಅಂಡರ್ 12 ಟೀಮಲ್ಲಿ ಎಲ್ರಿಗಿಂತ ಕುಳ್ಳ. ಇಲ್ಲಿ ಮೆಲ್ಬರ್ನಲ್ಲಿ ಶನಿವಾರ ಬಂತು ಅಂದ್ರೆ ನಮ್ ಕನ್ನಡದ ಮನೆಗಳೋರು ಎಷ್ಟೋ ಜನ ಬ್ಯಾಸ್ಕೆಟ್‌ಬಾಲ್ ಸ್ಟೇಡಿಯಂಲ್ಲೇ ಸಿಕ್ತಾರೆ, ಟಿಫನ್ ಬಾಕ್ಸಲ್ಲಿ ಚಿತ್ರಾನ್ನ ಹಿಡ್ಕೊಂಡು ಒಂದು ಕೋರ್ಟಿಂದ ಇನ್ನೊಂದು ಕೋರ್ಟಿಗೆ ಓಡ್ತಾ ಇರ್ತಾರೆ. ಎಲ್ರೂ ಕೇಳೋದು ಒಂದೇ, ಮಗು ಚಿಕ್ಕದು, ಬಾಲ್ ಕೈಗೇ ಬರಲ್ಲ, ಏನ್ ಮಾಡೋದು ಅಂತ. ನಾನು ಆರು ತಿಂಗಳು ಬರೀ ಡ್ರಿಬಲ್ ಮಾಡಿಸ್ದೆ. ಪ್ರಯೋಜನ ಆಗ್ಲಿಲ್ಲ, ಯಾಕಂದ್ರೆ ಅವ್ನ ಪ್ರಾಬ್ಲಮ್ ಬಾಲ್ ಬಂದಾಗ ಅಲ್ಲ, ಬಾಲ್ ಇಲ್ದೇ ಇದ್ದಾಗ, ಪಾಸ್ ಕೊಟ್ಟ ತಕ್ಷಣ ಕಂಬ ನೆಟ್ಟ ಹಾಗೆ ನಿಂತ್ಬಿಡೋನು. ಆಮೇಲೆ ಇಬ್ರೂ ಕೂತು ಆಸ್ಟ್ರೇಲಿಯಾದ ಗಾರ್ಡ್ (ಬಾಲ್ ತಗೊಂಡು ಹೋಗಿ ಆಟ ನಡ್ಸೋ, ಸಾಮಾನ್ಯವಾಗಿ ಕುಳ್ಳಗಿರೋ ಪ್ಲೇಯರ್) ಪ್ಯಾಟಿ ಮಿಲ್ಸ್ ಹಳೇ ಮ್ಯಾಚ್‌ಗಳನ್ನ ನೋಡೋಕೆ ಶುರು ಮಾಡಿದ್ವಿ. ಅದನ್ನ ಹೇಗೆ ನೋಡಿದ್ವಿ, ಯಾವ್ ಕ್ರಮದಲ್ಲಿ, ನೋಡಿದ್ ಮೇಲೆ ಏನ್ ಪ್ರಾಕ್ಟೀಸ್ ಮಾಡಿದ್ವಿ ಅಂತ ಬರೀತಿದೀನಿ.

ಮೊದ್ಲು ಕಥೆ ಹೇಳಿ. ಹೈಲೈಟ್ಸ್ ಹಾಕ್ಬೇಡಿ. ಮಿಲ್ಸ್ ಹುಟ್ಟಿದ್ದು 1988ರಲ್ಲಿ ಕ್ಯಾನ್ಬೆರಾದಲ್ಲಿ. ಅಪ್ಪ ಟೋರೆಸ್ ಸ್ಟ್ರೇಟ್ ದ್ವೀಪದ ಕಡೆಯೋರು, ಅಮ್ಮ ಸೌತ್ ಆಸ್ಟ್ರೇಲಿಯಾದ ಮೂಲನಿವಾಸಿ ಮನೆತನದೋರು, ಚಿಕ್ಕೋರಿದ್ದಾಗ ಸರ್ಕಾರ ಅವ್ರನ್ನ ಮನೆಯಿಂದ ಕಿತ್ಕೊಂಡು ಹೋಗಿತ್ತು, ಆ ತರ ಮಕ್ಕಳನ್ನ ಇಲ್ಲಿ ಕದ್ದ ಪೀಳಿಗೆ ಅಂತಾರೆ. ಅಪ್ಪ ಅಮ್ಮ ಸೇರಿ ಕ್ಯಾನ್ಬೆರಾದಲ್ಲಿ ಶ್ಯಾಡೋಸ್ ಅಂತ ಮೂಲನಿವಾಸಿಗಳ ಕ್ಲಬ್ ಕಟ್ಟಿದ್ರು, ಹುಡುಗ ನಾಲ್ಕನೇ ವರ್ಷಕ್ಕೇ ಅಲ್ಲಿ ಆಡೋಕೆ ಶುರು ಮಾಡ್ದ. ಆಮೇಲೆ ಆಸ್ಟ್ರೇಲಿಯನ್ ಇನ್ಸ್ಟಿಟ್ಯೂಟ್ ಆಫ್ ಸ್ಪೋರ್ಟ್, ಅಲ್ಲಿಂದ ಅಮೆರಿಕದ ಸೇಂಟ್ ಮೇರೀಸ್ ಕಾಲೇಜು, 2008ರಲ್ಲಿ ಬೀಜಿಂಗ್ ಒಲಿಂಪಿಕ್ಸ್. ಇಷ್ಟೆಲ್ಲಾ ಆದ್ಮೇಲೂ 2009ರ ಎನ್‌ಬಿಎ ಡ್ರಾಫ್ಟಲ್ಲಿ, ಅಂದ್ರೆ ಅಮೆರಿಕದ ದೊಡ್ಡ ಲೀಗಿನ ಟೀಮುಗಳು ಹೊಸ ಪ್ಲೇಯರುಗಳನ್ನ ಒಬ್ಬೊಬ್ಬರಾಗಿ ಆರಿಸ್ಕೊಳ್ಳೋ ದಿನ, ಅವ್ನ ಹೆಸರು ಕೂಗಿದ್ದು 55ನೇ ನಂಬರಿಗೆ. ಆ ವರ್ಷ ಒಟ್ಟು ಇದ್ದಿದ್ದೇ 60. ಮಕ್ಕಳಿಗೆ ಈ 55 ಅನ್ನೋದನ್ನ ಕೈ ಬೆರಳಲ್ಲಿ ಎಣಿಸಿ ತೋರ್ಸಿ, ಮಿಲ್ಸ್ ಮುಂದೆ ಎಷ್ಟ್ ಜನ ನಿಂತಿದ್ರು ಅಂತ ಆಗ ಅರ್ಥ ಆಗುತ್ತೆ.

ಇನ್ನು ಮ್ಯಾಚ್. ಎಲ್ರೂ 2021ರ ಟೋಕಿಯೋ ಒಲಿಂಪಿಕ್ಸ್ ಮ್ಯಾಚಿಂದ ಶುರು ಮಾಡ್ತಾರೆ, ಅದು ಬೇಡ, ಅದನ್ನ ಕೊನೇಗೆ ಇಟ್ಕೊಳ್ಳಿ. ಮೊದ್ಲು 2014ರ ಎನ್‌ಬಿಎ ಫೈನಲ್ಸ್ ಐದನೇ ಮ್ಯಾಚ್ ಹಾಕಿ, ಸ್ಯಾನ್ ಆಂಟೋನಿಯೋ ಸ್ಪರ್ಸ್ ಮತ್ತೆ ಮಯಾಮಿ ಹೀಟ್, ಅದ್ರಲ್ಲೂ ಮೂರನೇ ಕ್ವಾರ್ಟರ್ ಮಾತ್ರ ಸಾಕು. ಮಿಲ್ಸ್ ಬೆಂಚಿಂದ ಬಂದು ಆ ಮ್ಯಾಚಲ್ಲಿ 17 ಪಾಯಿಂಟ್ ಹೊಡೆದ, ಅದ್ರಲ್ಲಿ 14 ಆ ಒಂದೇ ಕ್ವಾರ್ಟರಲ್ಲಿ, ಸ್ಪರ್ಸ್ ಆವತ್ತು ಚಾಂಪಿಯನ್ ಆಯ್ತು.

ಒಂದ್ಸಲ ಸುಮ್ನೆ ನೋಡೋಕ್ ಬಿಡಿ. ಎರಡನೇ ಸಲ ಒಂದೇ ರೂಲ್, ಬಾಲ್ ನೋಡೋ ಹಾಗಿಲ್ಲ, ಮಿಲ್ಸ್ ಕಾಲು ಮಾತ್ರ ನೋಡ್ಬೇಕು. ಇದು ಹೇಳೋಕೆ ಸುಲಭ, ಮಾಡೋಕೆ ದೊಡ್ಡೋರಿಗೂ ಆಗಲ್ಲ, ಕಣ್ಣು ತಾನಾಗೇ ಬಾಲ್ ಹಿಂದೆ ಹೋಗುತ್ತೆ. ಟಿವಿ ಕ್ಯಾಮೆರಾನೂ ಬಾಲ್ ಹಿಂದೇನೇ ಹೋಗೋದ್ರಿಂದ ಮಿಲ್ಸ್ ಎಷ್ಟೋ ಸಲ ಫ್ರೇಮಿಂದ ಆಚೆ ಹೋಗ್ಬಿಡ್ತಾನೆ. ಅಲ್ಲೇ ವಿಡಿಯೋ ನಿಲ್ಸಿ, ಈಗ ಯಾವ್ ಕಡೆಯಿಂದ ಬರ್ತಾನೆ ಅಂತ ಮಗೂನ ಕೇಳಿ. ಬೇಸ್‌ಲೈನಿಂದಾನಾ (ರಿಂಗ್ ಹಿಂದಿನ ಗೆರೆ), ಎದುರು ಕಾರ್ನರಿಂದಾನಾ, ದೊಡ್ಡ ಪ್ಲೇಯರ್ ಬೆನ್ನ ಹಿಂದೆಯಿಂದಾನಾ? ನಮ್ಮನೇಲಿ ಮೊದ್ಲು ಹತ್ತರಲ್ಲಿ ಎರಡು ಸರಿ ಹೇಳ್ತಿದ್ದ, ಎರಡು ವಾರ ಆದ್ಮೇಲೆ ನನಗಿಂತ ಮುಂಚೆ ಹೇಳೋಕೆ ಶುರು ಮಾಡ್ದ. ಮೂರನೇ ಸಲ ಒಂದು ಪೇಪರ್ ಕೊಡಿ, ಅವ್ನ ಟೀಮ್ ಹತ್ರ ಬಾಲ್ ಇದ್ದಾಗ ಮಿಲ್ಸ್ ಪೂರ್ತಿ ನಿಂತ್ಕೊಂಡ್ರೆ ಒಂದು ಗೀಟು. ಆಮೇಲೆ ನಿಮ್ ಮಗು ಆಡೋ ಮ್ಯಾಚನ್ನ ಫೋನಲ್ಲಿ ರೆಕಾರ್ಡ್ ಮಾಡಿ ಅದೇ ತರ ಗೀಟು ಹಾಕೋಕೆ ಹೇಳಿ. ನೀವ್ ಏನೂ ಬೈಬೇಡಿ, ಎರಡು ಪೇಪರ್ ಪಕ್ಕಪಕ್ಕ ಇಡಿ ಅಷ್ಟೇ.

ಈಗ ಕಾಲಿನ ವಿಷ್ಯ, ಇದನ್ನ ಸ್ವಲ್ಪ ನಿಧಾನಕ್ಕೆ ಓದಿ. ಮಿಲ್ಸ್ ಆರಡಿ ಆಸುಪಾಸಿನ ಆಳು, ಎನ್‌ಬಿಎಲಿ ಅದು ಕುಳ್ಳು. ಅಷ್ಟು ಕುಳ್ಳ ಇದ್ದೋನಿಗೆ ಶಾಟ್ ಹೊಡಿಯೋಕೆ ಜಾಗ ಯಾರೂ ಕೊಡಲ್ಲ, ಅವ್ನೇ ಮಾಡ್ಕೋಬೇಕು, ಅದಕ್ಕೆ ಸ್ಕ್ರೀನ್ ಬಳಸ್ಕೊಳ್ತಾನೆ. ಸ್ಕ್ರೀನ್ ಅಂದ್ರೆ ನಮ್ ಟೀಮಿನ ದಪ್ಪ ಆಸಾಮಿ ಒಬ್ಬ ಗೋಡೆ ತರ ನಿಂತ್ಕೊಳ್ಳೋದು, ನಾವು ಅವ್ನನ್ನ ಒರಸ್ಕೊಂಡು ಹೋದ್ರೆ ಹಿಂದೆ ಬರೋನು ಗೋಡೆಗೆ ಸಿಕ್ಕಾಕೊಳ್ತಾನೆ. ಆದ್ರೆ ಓಡೋಕೆ ಮುಂಚೆ ಮಿಲ್ಸ್ ಮೊದ್ಲು ನಿಧಾನ ಆಗ್ತಾನೆ, ಎರಡು ಹೆಜ್ಜೆ ಉಲ್ಟಾ ಕಡೆ ಆರಾಮಾಗಿ ನಡೀತಾನೆ, ಡಿಫೆಂಡರ್ ಮೈ ಸಡಿಲ ಬಿಟ್ಟ ಅಂತ ಗೊತ್ತಾದ ತಕ್ಷಣ ಜಿಗೀತಾನೆ. ಸದಾ ಒಂದೇ ಸ್ಪೀಡಲ್ಲಿ ಓಡೋ ಮಗೂನ ಯಾರು ಬೇಕಾದ್ರೂ ಹಿಡೀತಾರೆ.

ಇದನ್ನ ಪ್ರಾಕ್ಟೀಸ್ ಮಾಡೋಕೆ ಊಟದ ಟೇಬಲ್ ಕುರ್ಚಿ ಒಂದು ಸಾಕು. ಫ್ರೀ ಥ್ರೋ ಗೆರೆಯ ತುದೀಲಿ ಕುರ್ಚಿ ಇಡಿ, ಮಗು ರಿಂಗ್ ಕೆಳಗೆ, ಬಾಲ್ ಹಿಡ್ಕೊಂಡು ಅಮ್ಮನೋ ಅಕ್ಕನೋ ಮೇಲ್ಗಡೆ, ಡಿಫೆಂಡರ್ ನೀವು. ಮಗು ಎರಡು ಹೆಜ್ಜೆ ನಿಧಾನ ನಡೆದು ಆಮೇಲೆ ಕುರ್ಚಿ ಕಡೆ ಹಾರ್ಬೇಕು, ಭುಜ ಕುರ್ಚಿ ಬೆನ್ನಿಗೆ ತಾಗ್ಬೇಕು, ತಾಗ್ಲಿಲ್ಲ ಅಂದ್ರೆ ಮಧ್ಯ ನೀವು ನುಗ್ಗೋಕೆ ಜಾಗ ಇದೆ ಅಂತ ಅರ್ಥ. ನೀವು ಮುಂಚೆ ಹೇಳ್ದೆ ಮೂರರಲ್ಲಿ ಒಂದು ಮಾಡಿ. ಹಿಂದೇನೇ ಅಟ್ಟಿಸ್ಕೊಂಡು ಹೋದ್ರೆ ಮಗು ಕುರ್ಚಿ ಸುತ್ತ ತಿರುಗಿ ರಿಂಗ್ ಕಡೆ ಹೋಗ್ಬೇಕು, ಅದು ಕರ್ಲ್. ಶಾರ್ಟ್‌ಕಟ್ಟಲ್ಲಿ ಕುರ್ಚಿ ಆ ಕಡೆಯಿಂದ ಮುಂದೆ ಹೋಗಿ ನಿಂತ್ರೆ ಮಗು ವಾಪಸ್ ಕಾರ್ನರ್ ಕಡೆ ಜಾರ್ಬೇಕು, ಅದು ಫೇಡ್. ನೀವು ಕುರ್ಚಿಗೆ ಸಿಕ್ಕಾಕೊಂಡ್ರೆ ನೇರ ಬಾಲ್ ಕಡೆ ಬಂದು ಹಿಡಿದು ಶಾಟ್. ಯಾವುದು ಮಾಡ್ಬೇಕು ಅಂತ ನೀವು ಕೂಗಿ ಹೇಳ್ಬೇಡಿ, ಅವ್ರೇ ನಿಮ್ಮನ್ನ ನೋಡಿ ತೀರ್ಮಾನ ಮಾಡ್ಲಿ, ತಪ್ಪಾದ್ರೂ ಪರ್ವಾಗಿಲ್ಲ.

ಬಾಲ್ ಬರೋಕೆ ಮುಂಚೇನೇ ಕೈ ಎದೆ ಹತ್ರ ರೆಡಿ, ಮಂಡಿ ಬಗ್ಗಿರ್ಬೇಕು, ಒಳಗಿನ ಕಾಲು, ಅಂದ್ರೆ ರಿಂಗ್ ಕಡೆಗಿರೋ ಕಾಲು, ಮೊದ್ಲು ಊರಿ ಆಮೇಲೆ ಇನ್ನೊಂದು. ಮಿಲ್ಸ್ ಹಿಡಿಯೋದನ್ನ ಸ್ಲೋ ಮೋಷನಲ್ಲಿ ನೋಡಿ, ಬಾಲ್ ಬೆರಳಿಗೆ ತಾಗೋ ಹೊತ್ತಿಗೆ ಕೆಳಗಿನ ಅರ್ಧ ಮೈ ಆಗ್ಲೇ ಶಾಟಿಗೆ ತಯಾರಾಗಿರುತ್ತೆ. 12ರ ಒಳಗಿನ ಮಕ್ಕಳ ಕೈಲಿ ಮೂರು ಪಾಯಿಂಟ್ ಗೆರೆಯಿಂದ ಹೊಡೆಸ್ಬೇಡಿ, ಶಕ್ತಿ ಸಾಲ್ದೆ ಬಾಲನ್ನ ಸೊಂಟದಿಂದ ಎಸೆಯೋಕೆ ಶುರು ಮಾಡ್ತಾರೆ, ಅದು ಅಂಟ್ಕೊಂಡ್ರೆ ಬಿಡ್ಸೋದು ಕಷ್ಟ. ದಿನಕ್ಕೆ 20 ನಿಮಿಷ ಮಾಡಿದ್ರೆ ಸಾಕು.

ಬೆಂಚ್ ಮೇಲೆ ಕೂತು ಅಳೋ ಮಕ್ಕಳಿಗೆ 2013ರ ಸ್ಪರ್ಸ್ ಕ್ಲಿಪ್‌ಗಳನ್ನ ತೋರ್ಸಿ. ಅದಕ್ಕೆ ಮುಂಚಿನದು ಹೇಳಿ: ಡ್ರಾಫ್ಟ್ ಆದ ಬೇಸಿಗೇಲೇ ಪಾದದ ಮೂಳೆ ಮುರ್ಕೊಂಡ, ಆರಿಸ್ಕೊಂಡ ಟೀಮ್ ಪೋರ್ಟ್‌ಲ್ಯಾಂಡಲ್ಲಿ ಜಾಸ್ತಿ ಆಡೋಕೆ ಸಿಗ್ಲಿಲ್ಲ, 2011ರಲ್ಲಿ ಎನ್‌ಬಿಎ ಲಾಕೌಟ್ ಆದಾಗ, ಅಂದ್ರೆ ಮಾಲೀಕರು ದುಡ್ಡಿನ ಜಗಳದಲ್ಲಿ ಲೀಗನ್ನೇ ನಿಲ್ಸಿದಾಗ, ಮನೆಗೆ ಬಂದು ಮೆಲ್ಬರ್ನ್ ಟೈಗರ್ಸ್‌ಗೆ ಆಡ್ದ, ಅಲ್ಲಿಂದ ಚೀನಾಗೆ ಹೋದ, 2012 ಮಾರ್ಚಲ್ಲಿ ಸ್ಪರ್ಸ್ ಕರ್ಕೊಳ್ತು. ಅಲ್ಲೂ ಶುರೂಲಿ ಬೆಂಚೇ. ಆದ್ರೆ ಟವೆಲ್ ಬೀಸಿ ಬೀಸಿ ಟೀಮಿಗೆ ಜೋಶ್ ತುಂಬ್ತಿದ್ದ, ಜನ ಅವ್ನನ್ನ ಗುರುತು ಹಿಡಿದಿದ್ದೇ ಆ ಟವೆಲಿಂದ. 2013ರ ಬೇಸಿಗೇಲಿ ಮೈ ಇಳಿಸ್ಕೊಂಡು ಬಂದ, ಮುಂದಿನ ಸೀಸನಲ್ಲಿ 81 ಮ್ಯಾಚ್ ಆಡ್ದ, ಮ್ಯಾಚಿಗೆ ಸರಾಸರಿ 10 ಪಾಯಿಂಟ್ ಮೇಲೆ. ನನ್ ಮಗನಿಗೆ ನಾನು ಹೇಳಿದ್ದು ಇಷ್ಟೇ, ಬೆಂಚಲ್ಲಿ ಕೂತಾಗ ನಿನ್ನನ್ನ ಯಾರು ಮಾರ್ಕ್ ಮಾಡ್ತಾರೆ ಅಂತ ನೋಡ್ತಾ ಇರು, ಅವ್ನು ಹಿಂದೆ ಅಟ್ಟಿಸ್ಕೊಂಡ್ ಬರೋನಾ, ಶಾರ್ಟ್‌ಕಟ್ ಹೊಡೆಯೋನಾ.

ಸೋತ ಮ್ಯಾಚನ್ನ ಬಿಟ್ಬಿಡ್ಬೇಡಿ. 2016ರ ರಿಯೋ ಒಲಿಂಪಿಕ್ಸ್ ಕಂಚಿನ ಮ್ಯಾಚ್ ಹಾಕಿ. ಸ್ಪೇನ್ 89, ಆಸ್ಟ್ರೇಲಿಯಾ 88. ಮಿಲ್ಸ್ 30 ಹೊಡೆದಿದ್ದ, ಕೊನೇ ಸೆಕೆಂಡುಗಳಲ್ಲಿ ಅವ್ನ ಮೇಲೇನೇ ಫೌಲ್ ಕೊಟ್ರು, ಇವತ್ತು ನೋಡಿದ್ರೂ ನನಗೆ ಹೊಟ್ಟೆ ಕಿವುಚುತ್ತೆ. ಅದಕ್ಕೆ ಮುಂಚೆ 1988, 1996, 2000ದ ಒಲಿಂಪಿಕ್ಸಲ್ಲೂ ಬೂಮರ್ಸ್ (ಆಸ್ಟ್ರೇಲಿಯಾ ಗಂಡಸರ ಟೀಮ್) ನಾಲ್ಕನೇ ಜಾಗಕ್ಕೇ ನಿಂತಿದ್ರು, 2019ರ ವರ್ಲ್ಡ್ ಕಪ್ಪಲ್ಲೂ ಅದೇ ಕಥೆ. ಇದನ್ನ ನೋಡಿದ ಮಗೂಗೆ ಮಾತ್ರ ಟೋಕಿಯೋ ಏನು ಅಂತ ಗೊತ್ತಾಗೋದು. 2021 ಆಗಸ್ಟ್ 7, ಕಂಚಿನ ಮ್ಯಾಚಲ್ಲಿ ಸ್ಲೊವೇನಿಯಾ ವಿರುದ್ಧ 107-93, ಮಿಲ್ಸ್ 42 ಪಾಯಿಂಟ್ 9 ಅಸಿಸ್ಟ್ (ಬಾಸ್ಕೆಟ್ ಆಗೋ ಪಾಸ್), ಆಸ್ಟ್ರೇಲಿಯಾ ಗಂಡಸರ ಟೀಮಿಗೆ ಮೊದಲನೇ ಒಲಿಂಪಿಕ್ ಪದಕ. ಅದೇ ಒಲಿಂಪಿಕ್ಸಲ್ಲಿ ಬಾವುಟ ಹಿಡ್ಕೊಂಡು ಬಂದಿದ್ದೂ ಅವ್ನೇ, ಈಜುಗಾರ್ತಿ ಕೇಟ್ ಕ್ಯಾಂಪ್‌ಬೆಲ್ ಜೊತೆ, ಒಲಿಂಪಿಕ್ಸ್ ಉದ್ಘಾಟನೇಲಿ ಆಸ್ಟ್ರೇಲಿಯಾ ಬಾವುಟ ಹಿಡಿದ ಮೊದಲ ಮೂಲನಿವಾಸಿ.

ಮಕ್ಕಳು ಇಲ್ಲಿ ಪ್ರಶ್ನೆ ಕೇಳ್ತಾರೆ, ಅವಸರ ಮಾಡ್ದೆ ಉತ್ತರ ಕೊಡಿ. ನನ್ ಮಗ ಕೇಳಿದ್ದು ಅವ್ನನ್ನ ಬಾಲಾ ಪ್ಯಾಟ್ ಅಂತ ಯಾಕೆ ಕರೀತಾರೆ ಅಂತ. ಟೋರೆಸ್ ಸ್ಟ್ರೇಟ್ ಭಾಷೇಲಿ ಬಾಲಾ ಅಂದ್ರೆ ಅಣ್ಣ ತಮ್ಮ ಅಂತ, ನಾವು ಹೆಸರಿನ ಜೊತೆ ಅಣ್ಣ ಸೇರ್ಸಲ್ವಾ ಹಾಗೆ. ಈ ನೆಲ ಮೊದಲಿಂದ್ಲೂ ಮೂಲನಿವಾಸಿಗಳದ್ದು ಅಂತ ಕೋರ್ಟಲ್ಲಿ ಹೋರಾಡಿದ ಎಡ್ಡಿ ಮಾಬೋ ಅವ್ನ ಸಂಬಂಧಿಕರು. 2020ರಲ್ಲಿ ಒರ್ಲಾಂಡೋಲಿ ಆಡಿದ ಮ್ಯಾಚ್‌ಗಳ ಸಂಬಳ, ಹತ್ತು ಲಕ್ಷ ಡಾಲರ್ ಮೇಲೆ, ಪೂರ್ತಿ ಆಸ್ಟ್ರೇಲಿಯಾದ ವರ್ಣಭೇದ ವಿರೋಧಿ ಕೆಲ್ಸಕ್ಕೆ ಕೊಟ್ಬಿಟ್ಟ. ಈ ದೇಶಕ್ಕೆ ಬಂದು ಮನೆ ಮಾಡ್ಕೊಂಡಿರೋ ನಾವು ನಮ್ ಮಕ್ಕಳಿಗೆ ಇದನ್ನ ಹೇಳ್ದೆ ಬರೀ ಶಾಟ್ ತೋರ್ಸಿದ್ರೆ ಅರ್ಧ ಕಥೆ ಹೇಳ್ದಂಗೆ.

ಹೋದ ತಿಂಗಳು ಒಂದು ಮ್ಯಾಚಲ್ಲಿ ನನ್ ಮಗ ಪಾಸ್ ಕೊಟ್ಟು ಎರಡು ಹೆಜ್ಜೆ ಬೇಸ್‌ಲೈನ್ ಕಡೆ ಸುಮ್ನೆ ನಡೆದ, ಅವ್ನ ಹಿಂದಿದ್ದ ಹುಡುಗ ಬಾಲ್ ಕಡೆ ತಿರುಗಿದ, ಇವ್ನು ಸೆಂಟರ್ ಹುಡುಗನ ಭುಜ ಒರಸ್ಕೊಂಡು ಕರ್ಲ್ ಆಗಿ ರಿಂಗ್ ಕೆಳಗೆ ಬಂದು ಬಾಲ್ ಹಿಡ್ದ. ಲೇಅಪ್, ಅಂದ್ರೆ ರಿಂಗ್ ಹತ್ರದಿಂದ ಹಾಕೋ ಶಾಟ್, ಮಿಸ್ ಆಯ್ತು. ಮನೆಗೆ ಬಂದ ತಕ್ಷಣ ಅವ್ನೇ ಕುರ್ಚಿ ಎತ್ಕೊಂಡು ಆಚೆ ಹೋದ.