ಮದ್ದೂರಿನಿಂದ ಮನ್ನಾರ್‌ಗುಡಿಗೆ: ಕಾವೇರಿ ಜಗಳದ ನಡುವೆ ನಾನು ಮಾತು ಕಲಿತದ್ದು

ಕಾವೇರಿಯ ವಿಷಯದಲ್ಲಿ ಮಂಡ್ಯ ಜಿಲ್ಲೆಯವನೊಬ್ಬ ಸಮಾಧಾನದಿಂದ ಮಾತನಾಡಿದರೆ ಅವನಿಗೆ ಗದ್ದೆ ಇರಲಿಕ್ಕಿಲ್ಲ ಎಂದು ಜನ ಲೆಕ್ಕ ಹಾಕುತ್ತಾರೆ. ನನಗೆ ಗದ್ದೆ ಇದೆ. ಮದ್ದೂರು ತಾಲ್ಲೂಕಿನಲ್ಲಿ, ವಿಶ್ವೇಶ್ವರಯ್ಯ ನಾಲೆಯ ಒಂದು ಉಪನಾಲೆಯ ಕೊನೆಯ ತೂಬಿನ ಕೆಳಗೆ, ಮೂರು ಎಕರೆ. ಕೃಷ್ಣರಾಜಸಾಗರ ತುಂಬಿ 124.80 ಅಡಿ ಮುಟ್ಟಿದ ವರ್ಷವೂ ನಮ್ಮ ಬಯಲಿಗೆ ನೀರು ಬರುವುದು ಎಲ್ಲರಿಗೂ ಆದ ಮೇಲೆ. ಬಂದ್ ಆದಾಗ ಹೆದ್ದಾರಿಯಲ್ಲಿ ಕುಳಿತವರಲ್ಲಿ ನಾನೂ ಒಬ್ಬ, ಈಗಲೂ ಕುಳಿತುಕೊಳ್ಳುತ್ತೇನೆ. ಹಾಗಿದ್ದೂ ತಮಿಳುನಾಡಿನ ತಿರುವಾರೂರು ಜಿಲ್ಲೆಯ ಒಬ್ಬ ರೈತರೊಡನೆ ಕೆಲವು ವರ್ಷಗಳಿಂದ ನೀರಿನ ಲೆಕ್ಕ ಮಾತನಾಡುತ್ತ ಬಂದಿದ್ದೇನೆ. ಅದು ಹೇಗೆ ಎಂದು ಕೇಳುವವರು ಇದ್ದಾರೆ, ಯಾಕೆ ಎಂದು ಕೇಳುವವರು ಇನ್ನೂ ಹೆಚ್ಚು. ಇಬ್ಬರಿಗೂ ಸೇರಿಸಿ ಬರೆಯುತ್ತಿದ್ದೇನೆ.

ಇಬ್ಬರು ರೈತರು ಚಹಾ ಕುಡಿದರೆ ನದಿಯ ವ್ಯಾಜ್ಯ ತೀರುತ್ತದೆ ಎಂದು ನಂಬುವಷ್ಟು ಭೋಳೆತನ ನನಗಿಲ್ಲ. 1892 ಮತ್ತು 1924ರ ಒಪ್ಪಂದಗಳಿಂದ ಹಿಡಿದು ಈ ಜಗಳಕ್ಕೆ ಉದ್ದದ ಚರಿತ್ರೆ ಇದೆ. 1990ರಲ್ಲಿ ನ್ಯಾಯಮಂಡಳಿ ಬಂತು. ಮರುವರ್ಷ ಕರ್ನಾಟಕ ತಮಿಳುನಾಡಿಗೆ ವರ್ಷಕ್ಕೆ 205 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ ನೀರು) ಬಿಡಬೇಕೆಂಬ ಮಧ್ಯಂತರ ಆದೇಶ ಬಂತು, ಅದೇ ಡಿಸೆಂಬರಿನಲ್ಲಿ ಬೆಂಗಳೂರು, ಮೈಸೂರು ಸೀಮೆಯಲ್ಲಿ ಗಲಭೆಯಾಗಿ ಸಾವಿರಾರು ತಮಿಳರು ಊರು ಬಿಟ್ಟರು. 2007ರಲ್ಲಿ ಅಂತಿಮ ತೀರ್ಪು, 2016ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ಬಸ್ಸುಗಳಿಗೆ ಬೆಂಕಿ, 2018ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು. ಇದರ ನಡುವೆ 2003ರಲ್ಲಿ, ಚೆನ್ನೈನ ಅರ್ಥಶಾಸ್ತ್ರಜ್ಞ ಎಸ್. ಜನಕರಾಜನ್ ಅವರ ಮುತುವರ್ಜಿಯಿಂದ ಎರಡೂ ರಾಜ್ಯಗಳ ರೈತರು ಸೇರಿ ‘ಕಾವೇರಿ ಕುಟುಂಬ’ ಎಂಬ ಬಳಗ ಕಟ್ಟಿದ್ದರು. ಅಲ್ಲಿಯವರು ಇಲ್ಲಿಯ ಗದ್ದೆ ನೋಡಿದರು, ಇಲ್ಲಿಯವರು ಅಲ್ಲಿಗೆ ಹೋದರು. ನಾನು ಅದರಲ್ಲಿ ಇರಲಿಲ್ಲ. ಪತ್ರಿಕೆಯಲ್ಲಿ ಓದಿದ್ದೆ ಅಷ್ಟೆ. ಆದರೆ ಒಬ್ಬರ ಗದ್ದೆಯನ್ನು ಇನ್ನೊಬ್ಬರು ನೋಡುವುದು ಎಂಬ ಆ ಕೆಲಸ ಮನಸ್ಸಿನಲ್ಲಿ ಉಳಿದಿತ್ತು.

ದಾರಿ ತೆರೆದದ್ದು ಮಗಳಿಂದ. ಬೆಂಗಳೂರಿನಲ್ಲಿ ಅವಳ ಜೊತೆ ಕೆಲಸ ಮಾಡುವ ಹುಡುಗನ ತಂದೆ ಮನ್ನಾರ್‌ಗುಡಿ ಕಡೆಯ ಭತ್ತದ ರೈತರು. ನಮ್ಮಿಬ್ಬರಿಗೂ ಫೋನು ಹಚ್ಚಿಕೊಟ್ಟರೆ ಭಾಷೆ ತಿಳಿಯುತ್ತಿರಲಿಲ್ಲ. ಮಂಡ್ಯ ಪೇಟೆಯಲ್ಲಿ ಮರಗೆಲಸ ಮಾಡುವ, ಅಲ್ಲಿಯೇ ಹುಟ್ಟಿ ಬೆಳೆದ ತಮಿಳು ಮನೆಮಾತಿನ ಸ್ನೇಹಿತನೊಬ್ಬನನ್ನು ಕೇಳಿದೆ. ಅವನು ಮೊದಲು ಒಪ್ಪಲಿಲ್ಲ. ಅವನಿಗೆ ಎಲ್ಲಿಯೂ ಒಂದು ಗುಂಟೆ ಗದ್ದೆ ಇಲ್ಲ. ಆದರೆ ಈ ಜಗಳ ಎದ್ದಾಗಲೆಲ್ಲ ಅಂಗಡಿಯ ಬಾಗಿಲು ಹಾಕಿ ಮನೆಯೊಳಗೆ ಕೂರಬೇಕಾದವನು ಅವನೇ. "ಅಣ್ಣ, ನಿಮ್ಮಿಬ್ಬರ ಮಾತು ಕೆಟ್ಟರೆ ನೀವು ನಿಮ್ಮೂರಿಗೆ ಹೋಗುತ್ತೀರಿ, ಅವರು ಅವರೂರಿಗೆ. ನಾನು ಎಲ್ಲಿಗೆ ಹೋಗಲಿ?" ಎಂದ. ಉತ್ತರ ನನ್ನ ಬಳಿ ಇರಲಿಲ್ಲ. ಆದ್ದರಿಂದ ಒಂದು ಅಧಿಕಾರ ಅವನಿಗೇ ಕೊಟ್ಟೆವು: ಮಾತು ಬಿಸಿಯಾಗುತ್ತಿದೆ ಎಂದು ಅವನಿಗೆ ಕಂಡರೆ ಅನುವಾದ ನಿಲ್ಲಿಸಬಹುದು, ಯಾರೂ ಕಾರಣ ಕೇಳುವ ಹಾಗಿಲ್ಲ. ಇಂಥ ಕೆಲಸಕ್ಕೆ ಕೈ ಹಾಕುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ನಡುವೆ ನಿಂತವನಿಗೆ ಪೆಟ್ಟು ಬೀಳುವ ಸಂಭವ ಹೆಚ್ಚು, ಬೀಗದ ಕೈ ಅವನ ಹತ್ತಿರವೇ ಇರಲಿ.

ಮೈಸೂರಿನಿಂದ ಮಯಿಲಾಡುತುರೈ ಕಡೆಗೆ ಹೋಗುವ ರೈಲು ನಮ್ಮ ಮದ್ದೂರಿನಲ್ಲಿಯೂ ನಿಲ್ಲುತ್ತದೆ. ಚಳವಳಿಯಲ್ಲಿ ನಾವು ತಡೆದು ನಿಲ್ಲಿಸುವ ರೈಲುಗಳಲ್ಲಿ ಅದೂ ಒಂದು. ಅದರಲ್ಲಿಯೇ ರಾತ್ರಿಯೆಲ್ಲ ಕೂತು ತಂಜಾವೂರಿನಲ್ಲಿ ಇಳಿದು ಬಸ್ ಹಿಡಿದೆವು. ಕಲ್ಲಣೆ ಎಂಬ ಹಳೆಯ ಅಣೆಕಟ್ಟಿನ ಹತ್ತಿರ ಕಾವೇರಿ ಕವಲಾಗುತ್ತದೆ: ಕಾವೇರಿ, ವೆಣ್ಣಾರ್, ಕಲ್ಲಣೆ ಕಾಲುವೆ, ಪ್ರವಾಹದ ನೀರು ಹೋಗುವ ಕೊಳ್ಳಿಡಂ. ಆ ರೈತರ ಊರು ವೆಣ್ಣಾರ್ ಕವಲಿನ ಕೆಳಗೆ, ಅದೂ ಕೊನೆಯ ಭಾಗದಲ್ಲಿ. ನೆಲ ಹಲಗೆಯಂತೆ ಸಮತಟ್ಟು. ನಮ್ಮಲ್ಲಿರುವ ಏರು ತಗ್ಗು ಅಲ್ಲಿಲ್ಲ. ಮಳೆ ಹೆಚ್ಚಾದರೆ ನೀರು ಹೊರಗೆ ಹೋಗಲು ದಾರಿಯಿಲ್ಲ, ಕಡಿಮೆಯಾದರೆ ಕೊನೆಯವರೆಗೆ ಬರಲು ರಭಸವಿಲ್ಲ. ಬೋರ್‌ವೆಲ್ ಕೊರೆಸಬಹುದಲ್ಲ ಎಂದೆ. ಕಡಲಿನ ಕಡೆಗೆ ಹೋದಷ್ಟೂ ನೆಲದಡಿಯ ನೀರು ಉಪ್ಪು ಎಂದರು.

ಮೊದಲ ದಿನ ನಾನು ಇಟ್ಟುಕೊಂಡಿದ್ದ ಕಟ್ಟುಪಾಡು ಒಂದೇ: ನದಿ ಯಾರದು ಎಂಬ ಮಾತು ಎತ್ತುವುದಿಲ್ಲ, ನಿಮ್ಮ ಗದ್ದೆಗೆ ನೀರು ಯಾವಾಗ ಬರುತ್ತದೆ ಎಂದಷ್ಟೇ ಕೇಳುತ್ತೇನೆ. "ನೀವು ತಮಿಳರು", "ನೀವು ಕರ್ನಾಟಕದವರು" ಎಂಬ ಬಹುವಚನವನ್ನೂ ಇಬ್ಬರೂ ಬಿಟ್ಟೆವು. ನನ್ನ ಮೂರು ಎಕರೆ, ಅವರ ಐದು ಎಕರೆ, ಇಷ್ಟರ ಬಗ್ಗೆ ಮಾತ್ರ ಮಾತು. ಕೇಳಲು ಸುಲಭವೆನಿಸಬಹುದು. ಮಾತು ನಾಲಿಗೆಯ ತುದಿಗೆ ಬಂದು ನುಂಗಿಕೊಳ್ಳುವಾಗ ಕಷ್ಟ ತಿಳಿಯುತ್ತದೆ. ಎದುರಿನವರು ಹೇಳಿದ್ದನ್ನು ನನ್ನ ಬಾಯಿಂದ ಒಮ್ಮೆ ಹೇಳಿ "ಹೀಗೇ ತಾನೆ?" ಎಂದು ಕೇಳಿ, ಅವರು ಹೌದೆಂದ ಮೇಲೆಯೇ ನನ್ನ ಉತ್ತರ. ಇದು ನಾನು ಎಲ್ಲಿಯೋ ತರಬೇತಿಯಲ್ಲಿ ಕಲಿತದ್ದಲ್ಲ. ಅನುವಾದಕ್ಕಾಗಿ ಹೇಗೂ ತಡೆಯಲೇಬೇಕಿತ್ತು, ಆ ಬಿಡುವಿನಲ್ಲಿ ಅಭ್ಯಾಸವಾಯಿತು. ಈಗ ಮನೆಯಲ್ಲಿ ತಮ್ಮನ ಜೊತೆ ಆಸ್ತಿಯ ಮಾತು ಬಂದಾಗಲೂ ಹಾಗೇ ಮಾಡುತ್ತೇನೆ. ಅವನಿಗೆ ಇದು ಕಿರಿಕಿರಿ.

ನಮ್ಮ ಬಯಲಿನಲ್ಲಿ ಎಲ್ಲರೂ ಹೇಳುವ ಮಾತೊಂದಿದೆ: ಅವರಿಗೆ ಎರಡು ಮಳೆಗಾಲ, ಮೂರು ಬೆಳೆ; ನಮಗೆ ಒಂದಕ್ಕೂ ಗತಿಯಿಲ್ಲ. ಅದನ್ನೇ ಪ್ರಶ್ನೆಯಾಗಿ ಕೇಳಿದೆ. ಅವರು ನಕ್ಕು, ಗದ್ದೆಯ ಬದುವಿನ ಮೇಲೆ ನಡೆಸುತ್ತಲೇ ವಿವರಿಸಿದರು. ಕುರುವೈ, ಸಾಂಬಾ, ತಾಳಡಿ ಎಂಬ ಮೂರು ಹೆಸರು ನಿಜ, ಆದರೆ ಒಂದೇ ಗದ್ದೆಯಲ್ಲಿ ಮೂರೂ ಆಗುವುದಿಲ್ಲ. ಕುರುವೈ ಜೂನ್‌ನಲ್ಲಿ ಹಾಕುವ ಅಲ್ಪಾವಧಿ ಬೆಳೆ. ಅದನ್ನು ಕೊಯ್ದ ಗದ್ದೆಯಲ್ಲಿ ತಾಳಡಿ. ಕುರುವೈ ಹಾಕದ ಗದ್ದೆಯಲ್ಲಿ ದೀರ್ಘಾವಧಿಯ ಸಾಂಬಾ, ಕೊಯ್ಲು ಪೊಂಗಲ್ ಹೊತ್ತಿಗೆ. ಅವರ ದೊಡ್ಡ ಮಳೆ ಈಶಾನ್ಯದ ಹಿಂಗಾರು, ಅದು ಅಕ್ಟೋಬರ್‌ಗೆ ಮುಂಚೆ ಬರುವುದಿಲ್ಲ. ಆದ್ದರಿಂದ ಕುರುವೈ ನಿಂತಿರುವುದು ಮೆಟ್ಟೂರಿನ ಮೇಲೆ. ಆ ಅಣೆಕಟ್ಟಿನ ಬಾಗಿಲು ತೆಗೆಯಲು ವಾಡಿಕೆಯಂತೆ ಗೊತ್ತಾದ ದಿನ ಜೂನ್ 12.

ಆ ಸಂಜೆ ಅವರ ಜಗಲಿಯಲ್ಲಿ ಕೂತು ನೋಟ್‌ಪುಸ್ತಕದಲ್ಲಿ ತಿಂಗಳವಾರು ಎರಡು ಸಾಲು ಗೀಚಿದೆವು. ಎಡಕ್ಕೆ ನನಗೆ ನೀರು ಬೇಕಾದ ದಿನಗಳು: ಒಟ್ಲು (ಸಸಿಮಡಿ) ಹಾಕುವುದು, ನಾಟಿ, ಹೊಡೆ ಬರುವ ಕಾಲ. ಬಲಕ್ಕೆ ಅವರದು. ಪಕ್ಕದಲ್ಲಿ 2018ರ ತೀರ್ಪಿನ ಪ್ರಕಾರ ಗಡಿಯ ಬಿಳಿಗುಂಡ್ಲು ಅಳತೆ ಕೇಂದ್ರದಲ್ಲಿ ಹರಿಯಬೇಕಾದ ಪ್ರಮಾಣ. ವರ್ಷಕ್ಕೆ 177.25 ಟಿಎಂಸಿ, ಅದರಲ್ಲಿ ಜೂನ್ 9.19, ಜುಲೈ 31.24, ಆಗಸ್ಟ್ 45.95, ಸೆಪ್ಟೆಂಬರ್ 36.76. ಈ ನಾಲ್ಕು ತಿಂಗಳಲ್ಲೇ 123 ದಾಟುತ್ತದೆ. ಉಳಿದ ಎಂಟು ತಿಂಗಳದು ಸೇರಿ 54. ನಮ್ಮಿಬ್ಬರ ಸಾಲುಗಳು ಒಂದರ ಮೇಲೊಂದು ಬೀಳುವುದೂ ಮುಖ್ಯವಾಗಿ ಜುಲೈನಿಂದ ಸೆಪ್ಟೆಂಬರ್‌ವರೆಗೆ. ಅದೂ ಕೊಡಗಿನಲ್ಲಿ, ವಯನಾಡಿನಲ್ಲಿ ಮಳೆ ಕೈಕೊಟ್ಟ ವರ್ಷ ಮಾತ್ರ. 2018ರ ಹಾಗೆ ಜುಲೈನಲ್ಲೇ ಕಟ್ಟೆ ತುಂಬಿದರೆ ಯಾರಿಗೂ ಯಾರ ನೆನಪೂ ಇರುವುದಿಲ್ಲ. ನೂರು ವರ್ಷದ ಜಗಳ ಎಂದು ಕೇಳುತ್ತ ಬೆಳೆದವನಿಗೆ ಅದು ಕೆಟ್ಟ ವರ್ಷದ ಮೂರು ತಿಂಗಳು ಎಂದು ಕಾಗದದ ಮೇಲೆ ಕಂಡಾಗ ಹೆದರಿಕೆ ಸ್ವಲ್ಪ ಇಳಿಯುತ್ತದೆ. ಆ ಮೂರು ತಿಂಗಳಿಗೆ ಎಲ್ಲರಿಗೂ ಮೊದಲೇ ಗೊತ್ತಿರುವ ಸಂಕಷ್ಟ ಸೂತ್ರವೊಂದು ಇದ್ದಿದ್ದರೆ ರಸ್ತೆಗಿಳಿಯುವ ಕೆಲಸ ಅರ್ಧ ಕಡಿಮೆಯಾಗುತ್ತಿತ್ತು ಎಂಬುದು ನನ್ನ ಅಭಿಪ್ರಾಯ. ಕೊರತೆಯ ವರ್ಷ ಬಂದ ಮೇಲೆ ಕೊರತೆ ಹಂಚುವುದನ್ನು ಯೋಚಿಸಿದರೆ ಆಗುವುದು ಇದೇ.

ಇನ್ನೊಂದು ಲೆಕ್ಕ ಕಲಿತೆ, ಇದು ತುಂಬ ಉಪಯೋಗಕ್ಕೆ ಬಂತು. ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ; ಸುಮಾರು ಹನ್ನೊಂದೂವರೆ ಸಾವಿರ ಕ್ಯುಸೆಕ್ ಒಂದು ದಿನ ಹರಿದರೆ ಒಂದು ಟಿಎಂಸಿ. ಟಿವಿಯಲ್ಲಿ ಐದು ಸಾವಿರ ಕ್ಯುಸೆಕ್ ಎಂದು ಕೂಗಿದಾಗ ಅದು ಹದಿನೈದು ದಿನಕ್ಕೆ ಆರೂವರೆ ಟಿಎಂಸಿ ಎಂದು ಚಹಾ ಅಂಗಡಿಯಲ್ಲಿ ಹೇಳಬಲ್ಲೆ. ಅದು ಕಡಿಮೆಯೇನಲ್ಲ. ಆದರೆ ಎಷ್ಟು ಎಂದು ಗೊತ್ತಿದ್ದು ಕೋಪಿಸಿಕೊಳ್ಳುವುದಕ್ಕೂ ಗೊತ್ತಿಲ್ಲದೆ ಕೋಪಿಸಿಕೊಳ್ಳುವುದಕ್ಕೂ ವ್ಯತ್ಯಾಸವಿದೆ.

ಊರಿಗೆ ಬಂದ ಮೇಲೆ ಆದದ್ದನ್ನು ನೀವೇ ಊಹಿಸಬಹುದು. ಅರಳಿಕಟ್ಟೆಯಲ್ಲಿ ನನಗೆ ಹೊಸ ಹೆಸರು ಬಿತ್ತು, ತಮಿಳರ ಏಜೆಂಟ್. ವಾದಿಸಿ ಗೆಲ್ಲುವ ಜಾಗ ಅದಲ್ಲ. ಎಲ್ಲರಿಗಿಂತ ಗಟ್ಟಿಯಾಗಿ ಆ ಹೆಸರು ಕೂಗುತ್ತಿದ್ದ ಇಬ್ಬರನ್ನು ಮುಂದಿನ ಸಲ ರೈಲು ಹತ್ತಿಸಿದೆ, ಟಿಕೆಟ್ ನನ್ನದೇ. ಒಬ್ಬ ಬದಲಾಗಲಿಲ್ಲ, ಅಲ್ಲಿನ ಮೀನು ಚೆನ್ನಾಗಿತ್ತು ಎಂದಷ್ಟೇ ಹೇಳುತ್ತಾನೆ. ಇನ್ನೊಬ್ಬ ಅಲ್ಲಿ ಒಣಗಿ ಬಿರಿದ ಕುರುವೈ ಗದ್ದೆಯೊಂದರಲ್ಲಿ ಬಹಳ ಹೊತ್ತು ನಿಂತು, ಎಕರೆಗೆ ಎಷ್ಟು ಸಾಲ ಕೊಡುತ್ತಾರೆ, ಬೆಳೆವಿಮೆ ಕೈಗೆ ಬರಲು ಎಷ್ಟು ತಿಂಗಳು ಎಂದು ಕೇಳಿದ. ಈಗ ಕಟ್ಟೆಯಲ್ಲಿ ನನ್ನ ಪರ ಮಾತನಾಡುವವನು ಅವನೇ. ನಾನು ಹೇಳಿದರೆ ಕೇಳದವರು ಅವನು ಹೇಳಿದರೆ ಕೇಳುತ್ತಾರೆ, ಏಕೆಂದರೆ ಅವನ ಕಂಠದ ಮೇಲೆ ಊರಿಗೆ ಮೊದಲಿನಿಂದಲೂ ವಿಶ್ವಾಸ.

ಮಳೆ ಚೆನ್ನಾಗಿದ್ದ ಒಂದು ವರ್ಷ ಆ ಹಿರಿಯರೂ ನಮ್ಮಲ್ಲಿಗೆ ಬಂದರು. ಮುದ್ದೆಯನ್ನು ಅಗಿಯಲು ಹೋಗಿ ನಮ್ಮ ಹೆಂಗಸರನ್ನು ನಗಿಸಿದರು. ಕರ್ನಾಟಕ ಎಂದರೆ ನೀರು ಹಿಡಿದಿಟ್ಟು ಕಬ್ಬು ಬೆಳೆಯುವವರು ಎಂಬುದು ಅವರ ಊರಿನ ಮಾತು. ನಮ್ಮ ಉಪನಾಲೆಯ ಕೊನೆಗೆ ಕರೆದುಕೊಂಡು ಹೋದೆ. ಜೊಂಡು, ಹೂಳು, ಕುಸಿದ ಲೈನಿಂಗ್, ಅದರಾಚೆ ರಾಗಿ ಹಾಕಿಕೊಂಡ ಗದ್ದೆಗಳು. ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುವ ಕಟ್ಟು ಪದ್ಧತಿಯಲ್ಲಿ ನೀರು ಬಿಟ್ಟಾಗ ಇಲ್ಲಿಗೆ ಬಂದು ಮುಟ್ಟುವಷ್ಟರಲ್ಲಿ ಕಟ್ಟು ಮುಗಿದಿರುತ್ತದೆ ಎಂದೆ. ಅವರು ನಮ್ಮ ಮರಗೆಲಸದ ಸ್ನೇಹಿತನ ಕಡೆ ತಿರುಗಿ ಏನೋ ಹೇಳಿದರು. "ಮೇಲಿನವರು ರಾತ್ರಿ ಪಂಪು ಇಡುತ್ತಾರಾ ಅಂತ ಕೇಳುತ್ತಿದ್ದಾರೆ" ಎಂದ ಅವನು. ಅವರಲ್ಲಿಯೂ ಅದೇ. ಆ ಪ್ರಶ್ನೆ ಕೇಳಲು ಕೊನೆಯ ಭಾಗದವನಿಗೇ ಆಗುವುದು. ಎರಡು ರಾಜ್ಯಗಳ ಗಡಿ ಬಿಳಿಗುಂಡ್ಲುವಿನಲ್ಲಿದೆ, ಆದರೆ ತಲೆಭಾಗ ಮತ್ತು ಕೊನೆಭಾಗದ ಗಡಿ ಪ್ರತಿ ನಾಲೆಯಲ್ಲಿಯೂ ಇದೆ.

ಅವರು ಹೋದ ಮೇಲೆ ಅದೇ ಪ್ರಶ್ನೆ ನನ್ನನ್ನು ಹಿಡಿಯಿತು. ರೈಲಿನಲ್ಲಿ ಒಂದು ರಾತ್ರಿ ಕೂತು ಹೋಗಿ ಮಾತನಾಡಿದವನು, ಸೈಕಲ್ಲಿನಲ್ಲಿ ಹೋಗಬಹುದಾದ ಮೇಲಿನ ಊರಿನವರ ಜೊತೆ ಎಂದೂ ಕೂತಿರಲಿಲ್ಲ. ಅವರ ಮೇಲೆ ಅರ್ಜಿ ಕೊಡುವುದು, ನಾಲೆಯ ನೀರು ಬಿಡುವ ಸೌಡಿಯನ್ನು ಬೈಯುವುದು, ಇಷ್ಟೇ ನಮ್ಮ ಸಂಬಂಧ. ನಿಜ ಹೇಳಬೇಕೆಂದರೆ ದೂರದವರ ಜೊತೆ ದೊಡ್ಡ ಮನಸ್ಸು ಮಾಡುವುದು ಸುಲಭ. ಬದುವಿನಾಚೆಯವನ ಜೊತೆ ಜಾತಿ, ಪಂಚಾಯಿತಿ ಚುನಾವಣೆ, ಹಳೆಯ ಹಬ್ಬದ ಜಗಳ ಎಲ್ಲ ಬಂದು ಕೂರುತ್ತವೆ. ಆದರೂ ಅದೇ ಕ್ರಮ ಹಿಡಿದೆ. ಮೊದಲು ಅವರ ಗದ್ದೆ ನೋಡಲು ಹೋದೆ. ನೀರು ಕದಿಯುತ್ತೀರಿ ಎನ್ನಲಿಲ್ಲ, ನಿಮಗೆ ಯಾವ ದಿನ ಸಾಲುವುದಿಲ್ಲ ಎಂದು ಕೇಳಿದೆ. ನೋಟ್‌ಪುಸ್ತಕದಲ್ಲಿ ಮತ್ತೆ ಎರಡು ಸಾಲು. ತೂಬು ಒಡೆದು ಅವರ ನೀರು ಹಳ್ಳಕ್ಕೆ ಸೋರುತ್ತಿತ್ತು, ಅದಕ್ಕೇ ಪಂಪು. ಬೇಸಿಗೆಯಲ್ಲಿ ಎರಡೂ ಊರಿನವರು ಸೇರಿ ಅವರ ಭಾಗದ ಜೊಂಡು ಕಿತ್ತೆವು, ತೂಬಿಗೆ ಸಿಮೆಂಟು ಹಾಕಿಸಿದೆವು. ಬದಲಿಗೆ ಪ್ರತಿ ಕಟ್ಟಿನ ಕೊನೆಯ ಎರಡು ರಾತ್ರಿ ಅವರು ಪಂಪು ಆರಿಸಬೇಕು, ನಾವು ಒಟ್ಲನ್ನು ಒಂದು ವಾರ ತಡವಾಗಿ ಹಾಕಬೇಕು. ಬಹುಪಾಲು ನಡೆಯುತ್ತಿದೆ. ಒಬ್ಬ ಮಹಾನುಭಾವ ಇನ್ನೂ ಆರಿಸುವುದಿಲ್ಲ.

2023ರಲ್ಲಿ ಪರೀಕ್ಷೆ ಬಂತು. ಮಳೆ ಇಲ್ಲ, ನಮ್ಮ ನಾಲೆಗೂ ನೀರಿಲ್ಲ, ಅವರ ಕುರುವೈಯೂ ಒಣಗಿತು. ಸೆಪ್ಟೆಂಬರ್ 26ರಂದು ಬೆಂಗಳೂರು ಬಂದ್, 29ರಂದು ಕರ್ನಾಟಕ ಬಂದ್. ಮಂಡ್ಯದ ಧರಣಿಗೆ ನಾನೂ ಹೋದೆ, ಹೋಗುತ್ತಿದ್ದೇನೆ ಎಂದು ಹಿಂದಿನ ದಿನವೇ ಫೋನು ಮಾಡಿ ಅವರಿಗೆ ತಿಳಿಸಿದೆ. ತಾವೂ ನಾಳೆ ತಮ್ಮ ಕಡೆಯ ಧರಣಿಗೆ ಹೋಗುವವರಿದ್ದೇವೆ ಎಂದರು. ಹೆಚ್ಚು ಮಾತಿಲ್ಲ. ಆ ಎರಡು ದಿನವೂ ನಮ್ಮೂರಿನ ಕೆಲವು ಹುಡುಗರು ಮರಗೆಲಸದವನ ಅಂಗಡಿಯ ಮುಂದೆ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಅವರನ್ನು ಕಳಿಸಿದವನು ಮೀನಿನ ಮಾತಾಡುವ ಆ ಬದಲಾಗದ ಆಸಾಮಿ ಎಂದು ಆಮೇಲೆ ತಿಳಿಯಿತು.

ನಮ್ಮ ನೋಟ್‌ಪುಸ್ತಕದ ಹಿಂಬದಿಯ ಹಾಳೆಯಲ್ಲಿ ಒಪ್ಪದ ವಿಷಯಗಳ ಪಟ್ಟಿ ಇದೆ. ಕಬ್ಬಿನ ಪ್ರದೇಶ ನಾವು ಇಳಿಸಬೇಕು ಎಂದು ಅವರು, ಕೊರತೆಯ ವರ್ಷ ಕುರುವೈ ಬಿಡಬೇಕು ಎಂದು ನಾನು. ಕರ್ನಾಟಕ ಕಾವೇರಿಗೆ ಕಟ್ಟಬೇಕೆಂದಿರುವ ಮೇಕೆದಾಟು ಅಣೆಕಟ್ಟು ಮೊದಲ ಸಾಲಿನಲ್ಲಿದೆ: 67 ಟಿಎಂಸಿಯ ಆ ಕಟ್ಟೆ ಬೇಕೇ ಬೇಕು ಎಂದು ನಾನು, ಅದು ಎದ್ದರೆ ತಮ್ಮ ಕೊನೆಯ ಹನಿಗೂ ಸಂಚಕಾರ ಎಂದು ಅವರು. ಕಳೆದ ಸಲ ಅದರ ಮುಂದೆ ಅವರು ಒಂದು ಪ್ರಶ್ನೆ ಬರೆದುಹೋಗಿದ್ದಾರೆ, ಕಟ್ಟೆಯ ಬಾಗಿಲ ಕೀಲಿ ಯಾರ ಕೈಯಲ್ಲಿ ಇರುತ್ತದೆ ಎಂದು. ನಾನಿನ್ನೂ ಉತ್ತರ ಬರೆದಿಲ್ಲ.