ಜ್ವಾಲಾಮುಖಿ ಪಾಠಕ್ಕೆ ಎರಡು ಗಾಜಿನ ಲೋಟ

ಗದಗ ಹತ್ತಿರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. 2025ರ ನವೆಂಬರ್ 23ರಂದು ಇಥಿಯೋಪಿಯಾದ ಹೈಲಿ ಗುಬ್ಬಿ ಜ್ವಾಲಾಮುಖಿ ಸಿಡಿದು, ಅದರ ಬೂದಿ ಕೆಂಪು ಸಮುದ್ರ ದಾಟಿ ದೆಹಲಿ ತನಕ ಬಂತಲ್ವಾ, ಆಗ ಮಕ್ಕಳದ್ದು ಒಂದೇ ಪ್ರಶ್ನೆ: "ನಮ್ಮೂರಾಗೂ ಬೂದಿ ಬೀಳ್ತೈತೇನ್ರಿ ಸರ್?" ಬೀಳಲಿಲ್ಲ. ದೆಹಲಿಯಲ್ಲೂ ಅದು ವಿಮಾನ ಹಾರುವ ಎತ್ತರದಲ್ಲೇ ಸಾಗಿಹೋಯಿತು. ಕೆಲವು ವಿಮಾನ ರದ್ದಾದವು, ಕೆಳಗಿನ ಗಾಳಿಗೆ ಅದರಿಂದ ಹೆಚ್ಚೇನೂ ಆಗಲಿಲ್ಲ. ದೆಹಲಿ ಗಾಳಿ ಕೆಡೋಕೆ ಜ್ವಾಲಾಮುಖಿಯೇ ಬೇಕಾಗಿಲ್ಲ ಬಿಡಿ.

ಈ ಎತ್ತರದ ಆಟ ಬೋರ್ಡಿನ ಮೇಲೆ ಬರೆದರೆ ತಲೆಗೆ ಹತ್ತುವುದಿಲ್ಲ. ಅದಕ್ಕೇ ಎರಡು ಲೋಟ ತಂದೆ. ತೆಳ್ಳನೆ ಗಾಜಿನವೇ ಬೇಕು, ದಪ್ಪಗಿದ್ದರೆ ಬಿಸಿನೀರಿಗೆ ಸೀಳುತ್ತವೆ. ಒಂದರಲ್ಲಿ ಅರ್ಧ ಬಿಸಿನೀರು ಹಾಕಿ, ಮೇಲಿಂದ ಶಾಯಿ ಬೆರೆಸಿದ ತಣ್ಣೀರು ಬಿಟ್ಟೆ. ನೀಲಿ ಎಳೆ ಎಳೆಯಾಗಿ ಇಳಿದು ನೋಡ್ತಾ ಇದ್ದ ಹಾಗೇ ಕಲಸಿಹೋಯಿತು. ನಾವು ಉಸಿರಾಡುವ ಕೆಳಗಿನ ಪದರ ಹೀಗೇ. ಇಲ್ಲಿ ಸಿಕ್ಕಿಕೊಂಡ ಬೂದಿ, ಗಂಧಕದ ಹೊಗೆ ಮಳೆಗೆ ಬೇಗ ತೊಳೆದುಹೋಗುತ್ತದೆ, ಆದರೆ ಇರುವಷ್ಟು ದಿನ ಕಣ್ಣು, ಗಂಟಲು, ಎದೆ ಎಲ್ಲಕ್ಕೂ ಕಾಟ. 1783ರಲ್ಲಿ ಐಸ್‌ಲ್ಯಾಂಡಿನ ಲಾಕಿ ಎಂಟು ತಿಂಗಳು ಉಗುಳುತ್ತಲೇ ಇತ್ತು, ಆ ಗಂಧಕದ ಮಬ್ಬು ಯೂರೋಪನ್ನೆಲ್ಲ ಮುತ್ತಿತ್ತು.

ಎರಡನೇ ಲೋಟದಲ್ಲಿ ಕೆಳಗೆ ತಣ್ಣೀರು. ಶಾಯಿ ಹಾಕಿದ ಬಿಸಿನೀರನ್ನು ಚಮಚದ ಬೆನ್ನಿನ ಮೇಲೆ ನಿಧಾನಕ್ಕೆ ಬಿಟ್ಟೆ. ನೀಲಿ ಮೇಲೇ ನಿಂತಿತು. ಹಾಜರಿ ಕೂಗಿ ಮುಗಿಸಿದರೂ ನಡುವಿನ ಗೆರೆ ಅಳಿಸಿರಲಿಲ್ಲ. ಕೆಳಗಿನ ಪದರದ ಮೇಲಿರುವ, ಪುಸ್ತಕದಲ್ಲಿ ಸಮೋಷ್ಣ ಮಂಡಲ ಅಂತ ಇರೋ ಗಾಳಿಯ ಪದರ ಹೀಗೇ. ಅಲ್ಲಿ ಓಝೋನ್ ಸೂರ್ಯನ ನೇರಳಾತೀತ ಕಿರಣ ಹೀರುವುದರಿಂದ ಮೇಲೆ ಹೋದಷ್ಟೂ ಬಿಸಿ ಜಾಸ್ತಿ, ಗಾಳಿ ಮೇಲೆ ಕೆಳಗೆ ಕಲಸುವುದಿಲ್ಲ, ಮಳೆಯಂತೂ ಇಲ್ಲವೇ ಇಲ್ಲ. 1991ರ ಜೂನ್‌ನಲ್ಲಿ ಫಿಲಿಪ್ಪೀನ್ಸ್‌ನ ಪಿನಟುಬೊ ಸುಮಾರು ಒಂದೂವರೆಯಿಂದ ಎರಡು ಕೋಟಿ ಟನ್ ಸಲ್ಫರ್ ಡೈಆಕ್ಸೈಡನ್ನು ಅಲ್ಲಿಗೆ ಏರಿಸಿತು. ಅದು ಸಲ್ಫ್ಯೂರಿಕ್ ಆಮ್ಲದ ಸಣ್ಣ ಸಣ್ಣ ಹನಿಯಾಗಿ ಬಿಸಿಲನ್ನು ವಾಪಸ್ ಕಳಿಸಿತು, ಭೂಮಿಯ ಸರಾಸರಿ ಉಷ್ಣತೆ ಹತ್ತಿರ ಹತ್ತಿರ ಅರ್ಧ ಡಿಗ್ರಿ ಇಳಿಯಿತು. ಬೂದಿ ಯಾವಾಗಲೋ ಉದುರಿತ್ತು. ತಂಪು ಮಾಡಿದ್ದು ಗಂಧಕ.

"ಹಂಗಾರ ನಾವ ಗಂಧಕ ಮ್ಯಾಲೆ ಬಿಟ್ರ ಬಿಸಲು ಕಡಿಮಿ ಆಗಂಗಿಲ್ಲೇನ್ರಿ?" ಹಿಂದಿನ ಬೆಂಚಿನಿಂದ ಬಂತು. ಒಳ್ಳೇ ಪ್ರಶ್ನೆ, ವಿಜ್ಞಾನಿಗಳೂ ಇದೇ ಚರ್ಚೆ ಮಾಡುತ್ತಿದ್ದಾರೆ. ಆದರೆ ಪಿನಟುಬೊ ಸಿಡಿದ ಮರುವರ್ಷ ಜಗತ್ತಿನಲ್ಲಿ ನೆಲದ ಮೇಲೆ ಬಿದ್ದ ಮಳೆಯೂ ಕಡಿಮೆಯಾಗಿತ್ತು ಅಂದೆ. ಹೆಸರು, ಶೇಂಗಾ ಬಿತ್ತುವ ಮನೆಯ ಮಕ್ಕಳು, ತಕ್ಷಣ ಬ್ಯಾಡ ಬ್ಯಾಡ ಅಂದರು. ಅಲ್ಲಿಂದ ಮಾತು ಮೋಡ ಬಿತ್ತನೆ ಕಡೆ ಹೊರಳಿತು, ಪಾಠ ಅಲ್ಲಿಗೇ ನಿಂತಿತು.