ಒಂದರ ಹಿಂದೆ ಒಂದು ಖರ್ಚು ಬಿದ್ದಾಗ ತಲೆ ಕೆಡಿಸಿಕೊಳ್ಳದಿರುವುದು ಹೇಗೆ

ಫೋನಿನ ಸ್ಕ್ರೀನ್ ಒಡೆಯಿತು, ಅದೇ ವಾರ ಗಾಡಿಯ ಟೈರ್ ಹೋಯಿತು, ಮರುದಿನ ವಾಷಿಂಗ್ ಮೆಷಿನ್ ನಿಂತಿತು. ಇಂಥ ಹೊತ್ತಿನಲ್ಲಿ ‘ನಮ್ಮ ಟೈಮೇ ಸರಿಯಿಲ್ಲ’ ಅನ್ನಿಸದೆ ಇರುವವರು ಕಡಿಮೆ. ಆದರೆ ಎಷ್ಟೋ ಸಲ ದೊಡ್ಡ ಹೊಡೆತ ಬೀಳುವುದು ಆಮೇಲಿನ ಎರಡು ದಿನ ಗಾಬರಿಯಲ್ಲಿ ಮಾಡುವ ತೀರ್ಮಾನಗಳಿಂದ.

ಮೊದಲ ಕೆಲಸ, ಹಾನಿ ಹೆಚ್ಚದಂತೆ ತಡೆಯುವುದು, ಅಷ್ಟೇ. ನೀರು ಸೋರುತ್ತಿದ್ದರೆ ಮೇನ್ ವಾಲ್ವ್ ಬಂದ್ ಮಾಡಿ. ಲ್ಯಾಪ್‌ಟಾಪ್ ಮೇಲೆ ನೀರು ಚೆಲ್ಲಿದರೆ ಗೋಡೆಯ ಸ್ವಿಚ್ ಆರಿಸಿ, ಒಣಗಿದ ಕೈಯಲ್ಲಿ ಚಾರ್ಜರ್ ತೆಗೆದು, ಪವರ್ ಬಟನ್ ಅನ್ನು ಸುಮಾರು 10 ಸೆಕೆಂಡ್ ಒತ್ತಿ ಹಿಡಿದು ಆಫ್ ಮಾಡಿ, ಬೋರಲು ಹಾಕಿ. ಇಲ್ಲಿ ಹೆಚ್ಚಿನವರು ಕೆಡಿಸುವುದು ‘ನಡೀತಾ ಇದೆಯಾ ನೋಡೋಣ’ ಎಂದು ಮತ್ತೆ ಆನ್ ಮಾಡಿ. ಒದ್ದೆ ಸರ್ಕ್ಯೂಟಿನಲ್ಲಿ ಕರೆಂಟ್ ಹರಿದರೆ ಶಾರ್ಟ್ ಆಗುತ್ತದೆ. ಕೀಬೋರ್ಡ್ ಬದಲಿಸಿದರೆ ಮುಗಿಯುತ್ತಿದ್ದದ್ದು ಮದರ್‌ಬೋರ್ಡಿಗೆ ಹೋಗಿ ನಿಲ್ಲುತ್ತದೆ. ಹೇರ್ ಡ್ರೈಯರ್ ಹಿಡಿಯುವುದೂ ಬೇಡ. ಹಾಗೇ ರಿಪೇರಿಯವರ ಕೈಗೆ ಕೊಡಿ.

ಅಷ್ಟಾದ ಮೇಲೆ ಜೀವಕ್ಕೆ, ದುಡಿಮೆಗೆ ತೀರಾ ಅಗತ್ಯವಲ್ಲದ ಯಾವ ಹೊಸ ವಸ್ತುವನ್ನೂ 48 ಗಂಟೆ ಕೊಳ್ಳಬೇಡಿ. ಆ ಹೊತ್ತಿನಲ್ಲಿ ಒಂದು ಹಾಳೆ ತೆಗೆದು ನಾಲ್ಕು ಕಾಲಂ ಎಳೆಯಿರಿ: ದಿನಾಂಕ, ಏನಾಯಿತು, ಕೈಯಿಂದ ಹೋದ ದುಡ್ಡು, ಕಾರಣ. ಮೂರನೆಯದರಲ್ಲಿ ಅಂದಾಜು ಬರೆಯಬಾರದು, ಬಿಲ್ಲಿನ ಮೊತ್ತ ಮಾತ್ರ. ವಾರಂಟಿ, ವಿಮೆಯಿಂದ ವಾಪಸ್ ಬರುವುದನ್ನು ಅದರಲ್ಲಿ ಕಳೆಯಿರಿ. ಕೊನೆಗೆ ಒಟ್ಟು ಮೊತ್ತವನ್ನು ಈ ತಿಂಗಳ ಸಂಬಳದ ಪಕ್ಕ ಇಡದೆ ವರ್ಷದ ಆದಾಯದ ಪಕ್ಕ ಇಡಿ. ಅರ್ಧ ತಿಂಗಳ ಸಂಬಳ ಹೋಗಿದ್ದರೆ ಅದು ವರ್ಷದ ಶೇಕಡಾ 4ರಷ್ಟು. ನೋವಂತೂ ಇದ್ದೇ ಇದೆ, ಆದರೆ ಎಷ್ಟು ದೊಡ್ಡದು ಎಂಬ ಅಳತೆ ಸಿಗುತ್ತದೆ. ಈ ಅಳತೆ ಬೇಕೇ ಬೇಕು, ಯಾಕೆಂದರೆ ಮನಸ್ಸು ತಾನಾಗಿ ಸರಿಯಾಗಿ ಅಳೆಯುವುದಿಲ್ಲ. ಅಷ್ಟೇ ಮೊತ್ತ ಸಿಕ್ಕಾಗ ಆಗುವ ಖುಷಿಗಿಂತ ಕಳೆದುಕೊಂಡಾಗಿನ ಸಂಕಟ ಹೆಚ್ಚು ಎಂಬುದನ್ನು ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನ್‌ಮನ್ ಮತ್ತು ಏಮೋಸ್ ಟ್ವರ್ಸ್ಕಿ 1979ರಲ್ಲೇ ಸಿದ್ಧಾಂತವಾಗಿ ಮಂಡಿಸಿದ್ದರು.

ಇನ್ನು ‘ಎಲ್ಲಾ ಒಟ್ಟಿಗೇ ಯಾಕೆ’ ಎಂಬ ಪ್ರಶ್ನೆ. ಮನೆಯಲ್ಲಿ ಕೆಡಬಹುದಾದ ವಸ್ತು 24 ಇವೆ, ಒಂದೊಂದೂ ಸರಾಸರಿ 4 ವರ್ಷಕ್ಕೊಮ್ಮೆ ಕೈಕೊಡುತ್ತದೆ ಎಂದುಕೊಳ್ಳಿ. ವರ್ಷಕ್ಕೆ 6 ರಿಪೇರಿ. ಎರಡು ತಿಂಗಳಿಗೊಂದರಂತೆ ಶಿಸ್ತಾಗಿ ಬರುತ್ತವೆ ಎಂದು ನಾವು ಎಣಿಸುತ್ತೇವೆ. ಆದರೆ ಬಿಡಿಬಿಡಿಯಾಗಿ, ಯಾವಾಗ ಬೇಕಾದರೂ ಬರುವ ಆ 6 ರಿಪೇರಿಗಳು 6 ಬೇರೆ ಬೇರೆ ತಿಂಗಳುಗಳಲ್ಲೇ ಬೀಳುವ ಸಾಧ್ಯತೆ ಶೇಕಡಾ 22 ಮಾತ್ರ. ಉಳಿದ 78ರಲ್ಲಿ ಒಂದೇ ತಿಂಗಳಿಗೆ ಕನಿಷ್ಠ ಎರಡು ಬಂದು ಕೂರುತ್ತವೆ. ಗ್ರಹಚಾರ ಕೆಡದೆಯೇ ಹೀಗಾಗುತ್ತದೆ.

ಹಾಗೆಂದು ಎಲ್ಲವನ್ನೂ ಆಕಸ್ಮಿಕಕ್ಕೆ ಬಿಟ್ಟು ಸುಮ್ಮನಾಗುವುದು ಸರಿಯಲ್ಲ. ನಾಲ್ಕನೆಯ ಕಾಲಂ ಇರುವುದೇ ಅದಕ್ಕೆ. ಒಂದೇ ವಾರದಲ್ಲಿ ಫ್ರಿಜ್ಜು, ಟಿವಿ, ರೌಟರ್ ಮೂರೂ ಸುಟ್ಟಿದ್ದರೆ ವೋಲ್ಟೇಜ್, ಅರ್ತಿಂಗ್ ಪರೀಕ್ಷೆ ಮಾಡಿಸದೆ ಹೊಸದನ್ನು ಪ್ಲಗ್ಗಿಗೆ ಹಾಕಬೇಡಿ. ಒಟ್ಟಿಗೆ ಕೊಂಡ ಸಾಮಾನು ಹೆಚ್ಚುಕಡಿಮೆ ಒಟ್ಟಿಗೇ ಹಳತಾಗುತ್ತದೆ. ಕೈತಪ್ಪಿ ಬಿದ್ದದ್ದು, ಮರೆತು ಬಂದದ್ದು, ಗಾಡಿ ಉಜ್ಜಿದ್ದು ಸಾಲಾಗಿ ಕಂಡರೆ ಆ ವಾರದ ನಿದ್ದೆ ಎಷ್ಟಿತ್ತು ನೋಡಿ. ‘ಯಾರ ತಪ್ಪು’ ಎಂದು ಮನೆಯಲ್ಲಿ ಜಗಳ ತೆಗೆದರೆ ಮಾತ್ರ ಈ ಕಾಲಂ ಎಂದಿಗೂ ತುಂಬುವುದಿಲ್ಲ, ಮುಂದಿನ ಸಲ ಒಡೆದದ್ದನ್ನು ಮುಚ್ಚಿಡುತ್ತಾರೆ.

ರಿಪೇರಿಯೋ ಹೊಸದೋ ಎಂಬಲ್ಲಿ ಹಿಂದೆ ಸುರಿದ ದುಡ್ಡನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು. ‘ಈಗಾಗಲೇ ಇಷ್ಟು ಹಾಕಿದ್ದೀವಿ’ ಎಂಬ ಮಾತೇ ಮೂರನೇ ಸಲವೂ ಹಾಕಿಸುವುದು. ರಿಪೇರಿ ಖರ್ಚು ಹೊಸದರ ಅರ್ಧ ಬೆಲೆ ದಾಟಿ, ವಸ್ತುವಿನ ಅರ್ಧ ಆಯಸ್ಸೂ ಮುಗಿದಿದ್ದರೆ ಬದಲಿಸುವುದು ಮೇಲು.

ಹೋದದ್ದು ಬಾಡಿಗೆ ಅಥವಾ ಕಂತಿನ ದುಡ್ಡೇ ಆಗಿದ್ದರೆ ಮನಸ್ಸನ್ನು ಸಮಾಧಾನ ಮಾಡಿ ಪ್ರಯೋಜನವಿಲ್ಲ. ಗಡುವಿಗೆ ಮೊದಲೇ ಹೋಗಿ ಕಾಲಾವಕಾಶ ಕೇಳಿ. ಕಂತು ತಪ್ಪಿದ ಮೇಲೆ ಕೇಳುವುದಕ್ಕಿಂತ ಮೊದಲೇ ಕೇಳಿದರೆ ಒಪ್ಪುವ ಸಾಧ್ಯತೆ ಹೆಚ್ಚು. ಕ್ರೆಡಿಟ್ ಕಾರ್ಡಿನ ಕನಿಷ್ಠ ಮೊತ್ತವನ್ನಷ್ಟೇ ಕಟ್ಟುತ್ತ ಹೋದರೆ ಬಾಕಿಗೆ ಬಡ್ಡಿ ಬೆಳೆಯುತ್ತಲೇ ಇರುತ್ತದೆ. ಎರಡು ವಾರ ಕಳೆದರೂ ನಿದ್ದೆ ಬರದೆ, ಯಾವುದರಲ್ಲೂ ಆಸಕ್ತಿಯಿಲ್ಲದೆ ಇದ್ದರೆ ವೈದ್ಯರನ್ನು ಕಾಣಿ. ಅದು ಖರ್ಚಿನ ಚಿಂತೆಯನ್ನು ಮೀರಿದ್ದು.

ಸ್ವಲ್ಪ ಸುಧಾರಿಸಿಕೊಂಡ ಮೇಲೆ ಕಳೆದ 12 ತಿಂಗಳ ರಿಪೇರಿ ಬಿಲ್ಲುಗಳನ್ನೆಲ್ಲ ಕೂಡಿಸಿ 12ರಿಂದ ಭಾಗಿಸಿ. ಅಷ್ಟನ್ನು ಸಂಬಳ ಬಂದ ದಿನವೇ ಬೇರೆ ಖಾತೆಗೆ ಹಾಕಿ, ಅದಕ್ಕೆ ‘ರಿಪೇರಿ’ ಎಂದೇ ಹೆಸರಿಡಿ. ಪೂರ್ತಿ ಆಗದಿದ್ದರೆ ಅರ್ಧದಿಂದಲೇ ಶುರುಮಾಡಿ, ಮಧ್ಯೆ ಖಾಲಿಯಾದರೆ ಮುಂದಿನ ತಿಂಗಳಿಂದ ಮತ್ತೆ ಅಷ್ಟೇ ಹಾಕಿ.